ತಾಯಿಯವರು ಏರಿಸಿದ ಹರವಿ

ಪೂಜ್ಯ ಮಡಿವಾಳಮ್ಮ ತಾಯಿಯವರು ಯರಗೊಪ್ಪದಲ್ಲಿ ವಾಸವಾಗಿದ್ದದ್ದು ಹಳೆಯ ಜಕಾತಿ ನಾಕೆಯಲ್ಲಿ. ಪೇಟೆಗೆ ಬರುವ ಗಾಡಿಗಳನ್ನು ತಡೆದು ಸುಂಕ ವಸೂಲಿ ಮಾಡುತ್ತಿದ್ದ ಒಂದೇ ಕೋಣೆಯ ಕಟ್ಟಡ ಅದು. ಜಕಾತಿ ರದ್ದಾದ ಮೇಲೆ ಅಲ್ಲಿ ನಾಯಿಗಳು ಮಲಗುತ್ತಿದ್ದವು. ತಾಯಿಯವರು ಬಂದ ಮೇಲೂ ನಾಯಿಗಳು ಅಲ್ಲಿಯೇ ಮಲಗುತ್ತಿದ್ದವು. ತಾಯಿಯವರು ಅವುಗಳನ್ನು ಎಬ್ಬಿಸದೆ ಪಕ್ಕದಲ್ಲಿ ಜಾಗ ಮಾಡಿಕೊಂಡರು. ಊರಿನ ಸಾವುಕಾರರು ಕೂಡಿ, ಅಮೃತಶಿಲೆಯ ಮಠ ಕಟ್ಟಿಸಿಕೊಡುತ್ತೇವೆ ಎಂದು ನಕಾಶೆ ಹಿಡಿದು ಬಂದಾಗ ತಾಯಿಯವರು ಅದನ್ನು ಬಿಡಿಸಿ, ಹಿಂದೆ ಮುಂದೆ ತಿರುಗಿಸಿ ನೋಡಿ, "ಇದರಾಗ ನಾಯಿ ಎಲ್ಲಿ ಮಲಗಬೇಕ್ರೆಪಾ?" ಎಂದು ಕೇಳಿದರು. ಮಠದ ಮಾತು ಅಲ್ಲಿಗೆ ಮುಗಿಯಿತು.

ತಾಯಿಯವರ ಕಾಯಕ ಹರಿದ ಗೋಣಿಚೀಲ ಹೊಲಿಯುವುದು. ದಬ್ಬಣಕ್ಕೆ ಸುತಳಿ ಪೋಣಿಸಿಕೊಂಡು ಬಾಗಿಲಲ್ಲಿ ಕುಳಿತರೆ ಹೊತ್ತು ಮುಳುಗುವವರೆಗೆ ಹೊಲಿಯುತ್ತಿದ್ದರು. ದುಡ್ಡು ಮುಟ್ಟುತ್ತಿರಲಿಲ್ಲ. ಅದರ ಬದಲಿಗೆ, ಹೊಲಿಸಿಕೊಂಡವರು ತಾಯಿಯವರು ಹೇಳಿದ ಒಂದು ಕೆಲಸ ಮಾಡಿಕೊಡಬೇಕು. ಯಾವ ಕೆಲಸ ಎಂದು ಮೊದಲೇ ಕೇಳುವಂತಿಲ್ಲ, ಹೇಳಿದ ಮೇಲೆ ಒಲ್ಲೆ ಎನ್ನುವಂತಿಲ್ಲ. ಅಡತಿ ಅಂಗಡಿಯ ರಾಚಪ್ಪ ಸಾವುಕಾರ ಪುಕ್ಕಟೆ ಹೊಲಿಗೆ ಎಂಬ ಆಸೆಗೆ ಬಿದ್ದು ಒಮ್ಮೆ ಚೀಲಗಳ ಒಂದು ಹೊರೆಯನ್ನೇ ಹೊಲಿಸಿಕೊಂಡ. ಪ್ರತಿಯಾಗಿ ಅವನ ಅಂಗಡಿಯ ಮುಂದಿನ ಗಟಾರವನ್ನು ಅವನ ಕೈಯಿಂದಲೇ ಬಳಿಸಿದರು. ಬೇರೆಯವರ ಮಕ್ಕಳು ಬಳಿಯುತ್ತಿದ್ದ ಹೊಲಸನ್ನು ಒಬ್ಬ ಸಾವುಕಾರ ತಾನೇ ಬಳಿದದ್ದನ್ನು ಯರಗೊಪ್ಪ ಅದೊಂದೇ ಸಲ ಕಂಡಿತು. ತಾಯಿಯವರು ಪವಾಡ ಮಾಡಿದ್ದರೇ ಎಂದು ಕೇಳುವವರು ಇದನ್ನೇ ಪವಾಡವೆಂದು ಬರೆದುಕೊಳ್ಳಲಿ.

ಒಂದು ದಿನ ಬೆಳಗ್ಗೆ ಅವರ ಬಾಗಿಲಿಗೆ ಹಮಾಲ ದುಂಡಪ್ಪ ಬಂದ.

ದುಂಡಪ್ಪನಿಗೆ ಆಗ ಅರವತ್ತು ದಾಟಿತ್ತು. ಹೊತ್ತು ಹೊತ್ತು ಕುತ್ತಿಗೆ ಹೆಗಲೊಳಗೆ ಇಳಿದಿತ್ತು. ದನಿ ಮಾತ್ರ ಇಳಿದಿರಲಿಲ್ಲ. ಮಾರುಕಟ್ಟೆಯ ಹಮಾಲರ ಸಂಘ ಕಟ್ಟಿದವನೇ ಅವನು. ಸ್ವಾಮಿಗಳು, ಸಂತರು, ಪಾದಪೂಜೆ ಎಂದರೆ ಅವನಿಗೆ ಮೈಯೆಲ್ಲ ಉರಿ. ಪಲ್ಲಕ್ಕಿಯ ಒಳಗೆ ಕುಳಿತವರನ್ನು ಎಲ್ಲರೂ ನೋಡುತ್ತಾರೆ, ತಾನು ಪಲ್ಲಕ್ಕಿ ಹೊತ್ತವರ ಹೆಗಲು ನೋಡುತ್ತೇನೆ ಎನ್ನುತ್ತಿದ್ದ. ಅವನ ಆ ಸಿಟ್ಟಿನಲ್ಲಿ ಸುಳ್ಳೇನೂ ಇರಲಿಲ್ಲ. ಅವನು ಬಂದದ್ದೂ ದರ್ಶನಕ್ಕಲ್ಲ. ಹಮಾಲರು ತಲೆಯಿಂದ ಬೆನ್ನಿಗೆ ಇಳಿಬಿಟ್ಟುಕೊಳ್ಳುವ ಮಡಿಚಿದ ಗೋಣಿಯ ಕೊಪ್ಪೆ ಅವನದು ನೆತ್ತಿಯಲ್ಲಿ ಹರಿದಿತ್ತು.

"ನಾ ಕೈ ಮುಗಿಯಾವಲ್ಲ, ಮೊದಲ ಹೇಳಿರ್ತೀನಿ," ಎಂದ ದುಂಡಪ್ಪ. "ಕೊಪ್ಪೆ ಹೊಲಿಸ್ಕೊಂಡ ಹೋಗಾಕ ಬಂದೀನಿ."

"ನಾನೂ ಕೈ ಮುಗಿಸ್ಕೊಳ್ಳಾಕಿ ಅಲ್ಲ ತಮ್ಮಾ," ಎಂದರು ತಾಯಿಯವರು. "ದಬ್ಬಣ ಹಿಡಿದ ಕೈಗೆ ಪುರಸೊತ್ತು ಎಲ್ಲಿ ಐತಿ. ಕೊಡು."

ಕೊಪ್ಪೆ ತೆಗೆದುಕೊಂಡು, ಒಂದು ನಾಯಿಯನ್ನು ಮೊಣಕೈಯಿಂದ ಸರಿಸಿ, ಹೊಲಿಯಲು ಕುಳಿತರು. ದುಂಡಪ್ಪ ಹೊರಗೆ ಕಟ್ಟೆಯ ಮೇಲೆ ಕುಳಿತ.

ಆ ಬೆಳಗ್ಗೆ ದುಂಡಪ್ಪನ ಮನಸ್ಸು ಎಲ್ಲಿತ್ತು ಎನ್ನುವುದನ್ನು ಇಲ್ಲಿ ಹೇಳಬೇಕು. ಊರ ಇನ್ನೊಂದು ತುದಿಯ ಹಮಾಲರ ಓಣಿಯಲ್ಲಿ ಅಂದು ಅವನ ಮಗ ದ್ಯಾಮಣ್ಣ ಹೊಸ ಮನೆಗೆ ಒಕ್ಕಲಾಗುವವನಿದ್ದ. ಮಗನ ಜೊತೆ ದುಂಡಪ್ಪನ ಹೆಂಡತಿ ಫಕೀರವ್ವ ಇದ್ದಳು, ಸೊಸೆ ಇದ್ದಳು, ಅವನು ಇನ್ನೂ ಎತ್ತಿಕೊಳ್ಳದ ಮೊಮ್ಮಗಳು ಇದ್ದಳು. ದುಂಡಪ್ಪ ನಾಲ್ಕು ಜನ ಕಾಣುವಂತೆ ಆ ಓಣಿಗೆ ಕಾಲಿಟ್ಟು ಹತ್ತು ವರ್ಷದ ಮೇಲಾಗಿತ್ತು. ಸಣ್ಣ ಊರಿನಲ್ಲಿ ಮನೆಯವರನ್ನು ತಪ್ಪಿಸಿಕೊಂಡು ತಿರುಗುವುದೂ ಒಂದು ದುಡಿಮೆಯೇ. ಮಾರುಕಟ್ಟೆಗೆ ನೆಟ್ಟಗಿನ ದಾರಿ ಬಿಟ್ಟು ಗಾಣದ ಓಣಿ, ಕುಂಬಾರ ಓಣಿ ಸುತ್ತಿ ಹೋಗುತ್ತಿದ್ದ. ಇಷ್ಟಿದ್ದೂ ಆ ಹೊಸ ಮನೆಯ ಕಿಟಕಿ ಯಾವ ಕಡೆಗಿದೆ, ಬಾಗಿಲ ಚೌಕಟ್ಟು ಯಾವ ಮಗ್ಗುಲಿಗೆ ತುಸು ವಾಲಿದೆ ಎನ್ನುವುದು ಅವನಿಗೆ ಗೊತ್ತಿತ್ತು. ಹೇಗೆ ಗೊತ್ತು ಎಂದು ಸಂಘದ ಹುಡುಗರು ಕೇಳಿದರೆ ಬೈಯುತ್ತಿದ್ದ.

ಮನೆ ಒಡೆದದ್ದು ಹತ್ತು ವರ್ಷದ ಹಿಂದಿನ ಮುಷ್ಕರದಲ್ಲಿ. ಕೂಲಿ ಏರಿಸುವವರೆಗೆ ಒಂದು ಚೀಲವನ್ನೂ ಮುಟ್ಟುವುದಿಲ್ಲ ಎಂದು ಹಮಾಲರು ಮಾರುಕಟ್ಟೆಯಲ್ಲಿ ಕುಳಿತಿದ್ದರು. ಎಲ್ಲರಿಗಿಂತ ಮುಂದೆ ಕುಳಿತವನು ದುಂಡಪ್ಪ. ಅದೇ ಹೊತ್ತಿಗೆ ಫಕೀರವ್ವನ ಹೊಟ್ಟೆಯಲ್ಲಿ ಗಂಟು ಎದ್ದು ದೊಡ್ಡ ಊರಿನ ದವಾಖಾನೆಗೆ ಒಯ್ಯಬೇಕಾಯಿತು. ಅಪ್ಪ ಮುಷ್ಕರ ಬಿಟ್ಟು ಏಳಲಿಲ್ಲ. ಮಗ ಒಬ್ಬ ಸಾವುಕಾರನ ಗೋದಾಮಿನ ಹಿಂಬಾಗಿಲಿಂದ ಹೋಗಿ ಚೀಲ ಹೊತ್ತ, ಆ ಕೂಲಿಯಲ್ಲಿ ತಾಯಿಯನ್ನು ದವಾಖಾನೆಗೆ ಸೇರಿಸಿದ. ಮುಷ್ಕರ ಗೆದ್ದಿತು. ಫಕೀರವ್ವ ಬದುಕಿದಳು. ಆದರೆ ದುಂಡಪ್ಪ ತುಂಬಿದ ಮಾರುಕಟ್ಟೆಯಲ್ಲಿ ನಿಂತು ಮಗನಿಗೆ ಹೇಳಿಬಿಟ್ಟಿದ್ದ: "ಇನ್ನ ಮ್ಯಾಲ ನನ್ನ ಹೊರೀಗೆ ನಿನ್ನ ಕೈ ಹತ್ತಬಾರದು." ಹಮಾಲರಲ್ಲಿ ಇದಕ್ಕಿಂತ ದೊಡ್ಡ ಬಹಿಷ್ಕಾರ ಇಲ್ಲ. ದವಾಖಾನೆಯಿಂದ ಬಂದ ಫಕೀರವ್ವ ಆ ಮಾತು ಕೇಳಿ, ಬಿಚ್ಚದ ಗಂಟುಮೂಟೆಯನ್ನು ಹಾಗೇ ಎತ್ತಿಕೊಂಡು ಮಗನ ಹಿಂದೆ ಹೋಗಿಬಿಟ್ಟಳು. ತಪ್ಪು ಯಾರದು ಎಂದು ಜನ ಇಂದಿಗೂ ಕೇಳುತ್ತಾರೆ. ಹೆಂಡತಿಯ ಜೀವ ಬೇಕೋ, ಸಂಗಾತಿಗಳ ಕೂಲಿ ಬೇಕೋ, ಎರಡರಲ್ಲಿ ಒಂದು ಆರಿಸಿಕೋ ಎಂದು ಬಡವನನ್ನು ನಿಲ್ಲಿಸಿದ ಊರಿನದು ತಪ್ಪು. ಊರು ಅದನ್ನು ಒಪ್ಪುವುದಿಲ್ಲ. ಅಪ್ಪ ಮಕ್ಕಳೇ ಹಂಚಿಕೊಂಡು ಹೊರಬೇಕು.

"ಆತು," ಎಂದು ತಾಯಿಯವರು ಸುತಳಿಯನ್ನು ಹಲ್ಲಿನಿಂದ ಕಡಿದರು. ಕೊಪ್ಪೆಯ ನೆತ್ತಿಗೆ ದಪ್ಪನೆಯ ತೇಪೆ ಬಿದ್ದಿತ್ತು.

"ಏನ ಕೆಲಸ ಹೇಳ್ರಿ. ಗಟಾರ ಬಳೀಬೇಕಾ?"

"ನೀ ಹಮಾಲ. ನಿನಗ ಹೊರೂದ ಕೆಲಸ."

ಮೂಲೆಯಲ್ಲಿ ಒಂದು ಹೊಸ ಹರವಿ ಇತ್ತು. ಕುಂಬಾರ ಓಣಿಯ ಕೆಂಪು ಮಣ್ಣಿನದು, ಒಬ್ಬ ಹೆಂಗಸಿನ ತೆಕ್ಕೆಗೆ ಸಿಗದಷ್ಟು ದೊಡ್ಡದು. ಬಾಯಿಯವರೆಗೆ ನೀರು ತುಂಬಿ, ಮೇಲೆ ಬಿಳಿಯ ಅರಿವೆ ಕಟ್ಟಿಟ್ಟಿದ್ದರು. ದುಂಡಪ್ಪ ಅದನ್ನು ಒಂದು ಕ್ಷಣ ನೋಡಿ, ಕೊಪ್ಪೆಯನ್ನು ಸುತ್ತಿ ಸಿಂಬೆ ಮಾಡಿ ತಲೆಯ ಮೇಲಿಟ್ಟುಕೊಂಡು ಮಂಡಿ ಊರಿದ.

ತುಂಬಿದ ಹರವಿಯನ್ನು ಒಬ್ಬರೇ ಏರಿಸಲಾಗುವುದಿಲ್ಲ. ಅಷ್ಟರಲ್ಲಿ ರಾಚಪ್ಪ ಸಾವುಕಾರ ಇಸ್ತ್ರಿ ಮಾಡಿದ ಬಿಳಿ ಅಂಗಿಯಲ್ಲಿ ಆ ದಾರಿಯಿಂದ ಹೊರಟಿದ್ದ.

"ಸಾವುಕಾರ, ಬಾ ಇಲ್ಲೆ. ಕೈ ಹಚ್ಚು," ಎಂದು ತಾಯಿಯವರು ಕರೆದರು.

"ಯವ್ವಾ, ನಾ ಈ ಸಲ ಏನೂ ಹೊಲಿಸಿಲ್ಲ," ಎಂದ ಸಾವುಕಾರ ಗಾಬರಿಯಿಂದ.

"ಮುಂದ ಹೊಲಿಸೂದಕ್ಕ ಮುಂಗಡ ಆತು. ಹಿಡಿ."

ಒಂದು ಬದಿಗೆ ತಾಯಿಯವರು, ಇನ್ನೊಂದು ಬದಿಗೆ ಸಾವುಕಾರ ಹಿಡಿದು ಹರವಿಯನ್ನು ದುಂಡಪ್ಪನ ತಲೆಗೆ ಏರಿಸಿದರು. ನೀರು ತುಳುಕಿ ಸಾವುಕಾರನ ಅಂಗಿ ಎದೆಯವರೆಗೆ ತೊಯ್ದಿತು. ಹಮಾಲನ ತಲೆಗೆ ಹೊರೆ ಏರಿಸಲು ಎಷ್ಟು ಬಲ ಬೇಕು ಎಂದು ಅವನ ತೋಳಿಗೆ ಅಂದು ಮೊದಲ ಸಲ ತಿಳಿಯಿತು. ಇನ್ನೊಂದು ಕೆಲಸ ಹೇಳುವ ಮುಂಚೆ ಅವನು ಅಲ್ಲಿಂದ ಕಾಲ್ಕಿತ್ತ.

ದುಂಡಪ್ಪ ಎದ್ದು ನಿಂತು ತೂಕ ಸರಿಮಾಡಿಕೊಂಡ. "ಯಾರ ಮನೀಗೆ ಯವ್ವಾ?"

"ಹಮಾಲರ ಓಣಿ. ದ್ಯಾಮಣ್ಣನ ಹೊಸ ಮನಿ. ಹೊಸ ಮನೀಗೆ ಮೊದಲ ತುಂಬಿದ ಹರವಿ ಹೋಗಬೇಕಲ್ಲ."

ದುಂಡಪ್ಪ ಗೋಡೆಯಂತೆ ನಿಂತ. ಹರವಿಯೊಳಗಿನ ನೀರು ಮಾತ್ರ ಅಲ್ಲಾಡಿತು.

"ಇಳಸ್ರಿ," ಎಂದ.

ತಾಯಿಯವರು ಆಗಲೇ ಮತ್ತೊಂದು ಚೀಲ ಎಳೆದುಕೊಂಡು ಕುಳಿತಿದ್ದರು. ದಬ್ಬಣದ ಕಣ್ಣಿಗೆ ಸುತಳಿ ಪೋಣಿಸುತ್ತ, ತಲೆ ಎತ್ತದೆ ನುಡಿದರು:

"ನನ್ನ ಕೆಲಸ ಏರಸೂದಷ್ಟ. ಇಳಿಸ್ಕೊಳ್ಳಾವ್ರು ಅಲ್ಲಿ ಅದಾರ."

ಆ ದಿನ ತಾಯಿಯವರು ಅವನಿಗೆ ಹೇಳಿದ ಕೊನೆಯ ಮಾತು ಅದು. ಉಪದೇಶ ಇಲ್ಲ, ಕಣ್ಣು ಮುಚ್ಚಿ ಧ್ಯಾನ ಇಲ್ಲ, ವಿಭೂತಿ ಇಲ್ಲ.

ಕಾಳಿನ ಚೀಲವಾಗಿದ್ದರೆ ತಲೆ ವಾಲಿಸಿ ಧೊಪ್ಪನೆ ಕೆಡವಿ ಹೋಗಬಹುದಿತ್ತು. ಮಣ್ಣಿನ ಹರವಿಯನ್ನು ಹಾಗೆ ಕೆಡವಲು ಬರುವುದಿಲ್ಲ. ಅದರಲ್ಲೂ ಹೊಸ ಮನೆಗೆ ಹೊರಟ ತುಂಬಿದ ಹರವಿ. ದೇವರನ್ನು ನಂಬದವನಿಗೂ ಅದನ್ನು ಬೀದಿಯಲ್ಲಿ ಒಡೆಯುವ ಮನಸ್ಸು ಬಾರದು. ದುಂಡಪ್ಪ ಹಲ್ಲು ಕಚ್ಚಿ ನಡೆದ. "ಮುದುಕಿ, ಮುದುಕಿ," ಎಂದು ಗೊಣಗಿದ. ಅದಕ್ಕಿಂತ ದೊಡ್ಡ ಬೈಗಳು ಬಾಯಿಗೆ ಬರಲಿಲ್ಲ.

ಅವನಿಗೆ ಇನ್ನೂ ಒಂದು ಆಸೆ ಇತ್ತು. ಮಾರುಕಟ್ಟೆಯ ತಿರುವಿನಲ್ಲಿ ಹಳೆಯ ಕಾಲದಿಂದಲೂ ಒಂದು ಹೊರೆಗಲ್ಲು ಇತ್ತು. ಆಳೆತ್ತರದ ಎರಡು ಕಲ್ಲು ನಿಲ್ಲಿಸಿ ಮೇಲೊಂದು ಅಡ್ಡಗಲ್ಲು ಹಾಸಿದ್ದು. ತಲೆಹೊರೆ ಹೊತ್ತವನು ಯಾರ ಕೈಯನ್ನೂ ಕೇಳದೆ ಹೊರೆಯನ್ನು ಅದರ ಮೇಲೆ ಸರಿಸಿ ಉಸಿರು ಬಿಡಬಹುದು. ಅಲ್ಲಿ ಹರವಿ ಇಟ್ಟು, ಇನ್ನೊಬ್ಬ ಹಮಾಲನನ್ನು ಕರೆದು ದಾಟಿಸಿಬಿಡುವುದು ಅವನ ಲೆಕ್ಕ. ತಿರುವಿಗೆ ಬಂದು ನೋಡಿದರೆ ಹೊರೆಗಲ್ಲು ಇರಲಿಲ್ಲ. ಆಗ ನೆನಪಾಯಿತು. ಪುರಸಭೆಯವರು ಅದನ್ನು ಕಿತ್ತು ಸಿಮೆಂಟಿನ ಸ್ವಾಗತ ಕಮಾನು ಕಟ್ಟಿದ್ದರು. ಕಮಾನಿನ ಮೇಲೆ ಸದಸ್ಯರ ಹೆಸರುಗಳೆಲ್ಲ ಇದ್ದವು. ಸಂಘದ ಪರವಾಗಿ ತಕರಾರು ಕೊಡಬೇಕೆಂದು ಹುಡುಗರು ಬಂದಾಗ, ಮುಂದಿನ ಸಭೆಯಲ್ಲಿ ನೋಡೋಣ ಎಂದವನು ಇದೇ ದುಂಡಪ್ಪ. ಹೆಸರು ಕೆತ್ತಿಸಿಕೊಂಡವರು ಒಂದು ದಿನವೂ ಹೊರೆ ಹೊತ್ತವರಲ್ಲ, ಅವರಿಗೆ ಆ ಕಲ್ಲಿನ ಕೆಲಸ ತಿಳಿಯದು. ಹೊತ್ತವನಿಗೆ ತಿಳಿದಿತ್ತು. ಅವನೂ ಸುಮ್ಮನಿದ್ದ. ಹರವಿ ಹೊತ್ತುಕೊಂಡು ಕಮಾನಿನ ಕೆಳಗೆ ಹಾಯುವಾಗ ದುಂಡಪ್ಪನಿಗೆ ಪುರಸಭೆಯ ಮೇಲೆ ಬಂದಷ್ಟೇ ಸಿಟ್ಟು ತನ್ನ ಮೇಲೂ ಬಂತು.

ದಾರಿಯಲ್ಲಿ ಜನ ಸರಿದು ನಿಲ್ಲುತ್ತಿದ್ದರು. ತುಂಬಿದ ಹೊರೆ ಬಂದರೆ ಯಾರೇ ಆದರೂ ದಾರಿ ಬಿಡಬೇಕು, ಅದು ಪೇಟೆಯ ರೀತಿ. ಚಹಾದಂಗಡಿಯ ಮುಂದೆ ಯಾರೋ ಕೂಗಿದರು:

"ದುಂಡಪ್ಪಣ್ಣ, ಹಾದಿ ತಪ್ಪಿತೇನೋ? ಇದು ಹಮಾಲರ ಓಣಿ ಕಡಿ ಹೋಗ್ತದ."

"ಗೊತ್ತೈತಲೇ."

"ಮಗನ ಮನೀಗಾ?"

ತಲೆಯ ಮೇಲೆ ಹರವಿ ಇದ್ದವನು ಇಲ್ಲವೆಂದು ತಲೆ ಆಡಿಸುವುದು ಹೇಗೆ? ದುಂಡಪ್ಪ ನೆಟ್ಟಗೆ ನೋಡುತ್ತ ನಡೆದ. ಅವನು ಒಪ್ಪಿದ ಎಂದೇ ಅವರು ತಿಳಿದರು. ಅವನು ಮುಟ್ಟುವ ಮುಂಚೆ ಸುದ್ದಿ ಓಣಿ ಮುಟ್ಟಿತು.

ಹೊಸ ಮನೆಯ ಮುಂದೆ ಎಲ್ಲರೂ ಹೊರಗೇ ನಿಂತಿದ್ದರು. ಬಾಗಿಲು ತೆರೆದಿತ್ತು, ಮಾವಿನ ತೋರಣ ಕಟ್ಟಿತ್ತು, ಒಲೆಯ ಮೇಲಿಡುವ ಹಾಲಿನ ಪಾತ್ರೆ ಸೊಸೆಯ ಕೈಯಲ್ಲಿತ್ತು. ಆದರೆ ಯಾರೂ ಒಳಗೆ ಹೋಗಿರಲಿಲ್ಲ. ದ್ಯಾಮಣ್ಣ ಹೊಸ್ತಿಲ ಪಕ್ಕದಲ್ಲಿ ನಿಂತಿದ್ದ. ಅವನ ಕಿವಿಯ ಹತ್ತಿರ ಕೂದಲು ನೆರೆತದ್ದನ್ನು ದುಂಡಪ್ಪ ಆಗಲೇ ನೋಡಿದ್ದು. ಮಗನಿಗೂ ವಯಸ್ಸಾಗುತ್ತದೆ ಎನ್ನುವುದು ಅವನ ಲೆಕ್ಕಕ್ಕೆ ಬಂದಿರಲಿಲ್ಲ.

ದುಂಡಪ್ಪ ಬೀದಿಯ ನಡುವೆ ನಿಂತ.

ಹಮಾಲರಲ್ಲಿ ಒಂದು ಕಟ್ಟಳೆ ಇದೆ. ಹೊರೆ ಹೊತ್ತವನು ಬಾಯಿಬಿಟ್ಟು ಕರೆಯುವವರೆಗೆ ಅವನ ಹೊರೆಯನ್ನು ಯಾರೂ ಮುಟ್ಟುವಂತಿಲ್ಲ, ಮುಟ್ಟಿ ತೂಕ ತಪ್ಪಿದರೆ ಹೊತ್ತವನ ಕುತ್ತಿಗೆ ಹೋಗುತ್ತದೆ. "ಕೈ ಹಚ್ಚು" ಎಂದು ಕರೆದ ಮೇಲೆ ಯಾವ ಹಮಾಲನೂ ಬಾರದೆ ಇರುವಂತಿಲ್ಲ, ಹಗೆಯವನಾದರೂ ಬರಬೇಕು. ದ್ಯಾಮಣ್ಣನ ಕೈಗಳು ಸೊಂಟದ ಬಳಿ ಎದ್ದು ಅಲ್ಲಿಯೇ ನಿಂತವು. ಅಪ್ಪ ಕರೆಯಬೇಕು. ಮಾರುಕಟ್ಟೆಯಲ್ಲಿ ಆಡಿದ ಮಾತನ್ನು ಓಣಿಯಲ್ಲಿ ಮುರಿಯಬೇಕು.

ದುಂಡಪ್ಪ ಎರಡೂ ಕೈಯಿಂದ ಹರವಿಯನ್ನು ಒತ್ತಿ ಹಿಡಿದ. ಒಂದು ಹನಿ ನೀರು ಹರವಿಯ ಅಂಚಿನಿಂದ ಇಳಿದು ಅವನ ಮೂಗಿನ ತುದಿಗೆ ಬಂದು ಕುಳಿತಿತು. ಒರೆಸಿಕೊಳ್ಳಲು ಕೈ ಇರಲಿಲ್ಲ.

"ಯಾವ ಊರ ಹಮಾಲಪ್ಪ ಇವ?" ಎಂದಳು ಫಕೀರವ್ವ, ಯಾರಿಗೋ ಹೇಳುವಂತೆ. "ಹೊತ್ತ ಹೊರೀ ಇಳಸೂದು ಬಿಟ್ಟು ತಪಸ್ಸಿಗೆ ನಿಂತಾನ. ಹುತ್ತ ಬೆಳದೀತು."

ಸೊಸೆ ಸೆರಗು ಬಾಯಿಗೆ ಒತ್ತಿಕೊಂಡಳು. ಓಣಿಯ ಹೆಂಗಸರು ಕಿಸಕ್ಕೆಂದರು. ದುಂಡಪ್ಪನಿಗೆ ಸಿಟ್ಟು ಬರಬೇಕಿತ್ತು. ಹತ್ತು ವರ್ಷದಿಂದ ಯಾರೂ ತನ್ನನ್ನು ಹೀಗೆ ಹಂಗಿಸಿಲ್ಲ ಎನ್ನುವುದು ಹೊಳೆದು ಸಿಟ್ಟು ಬರಲೇ ಇಲ್ಲ. ಸಂಘದಲ್ಲಿ ಅವನಿಗೆ ಎಲ್ಲರೂ ಹೆದರುತ್ತಿದ್ದರು. ಮನೆಯಲ್ಲಿ ಒಬ್ಬಳು ಮಾತ್ರ ಹೆದರುತ್ತಿರಲಿಲ್ಲ.

"ದ್ಯಾಮ್ಯಾ," ಎಂದ. ಮಾರುಕಟ್ಟೆಯನ್ನು ನಡುಗಿಸುತ್ತಿದ್ದ ದನಿ ಮಗನ ಹೊಸ್ತಿಲವರೆಗೆ ಕಷ್ಟದಿಂದ ಮುಟ್ಟಿತು. "ಕೈ ಹಚ್ಚೋ."

ದ್ಯಾಮಣ್ಣ ಓಡಿ ಬಂದು ಹರವಿಯ ತಳಕ್ಕೆ ಎರಡೂ ಕೈ ಕೊಟ್ಟ. ಅರ್ಧ ತೂಕ ಹಾರಿಹೋಯಿತು. ಹಳೆಯ ಜೋಡಿ. ಮುಷ್ಕರಕ್ಕೆ ಮುಂಚೆ ಮಾರುಕಟ್ಟೆಯಲ್ಲಿ ಅಪ್ಪನಿಗೆ ಮಗ, ಮಗನಿಗೆ ಅಪ್ಪ ಚೀಲ ಏರಿಸುತ್ತಿದ್ದರು. ಯಾವಾಗ ಬಾಗಬೇಕು, ಯಾವಾಗ ಉಸಿರು ಹಿಡಿಯಬೇಕು ಎನ್ನುವುದನ್ನು ಆ ನಾಲ್ಕು ಕೈಗಳು ಮರೆತಿರಲಿಲ್ಲ.

"ಇಳಸು," ಎಂದ ದುಂಡಪ್ಪ.

"ಇಲ್ಲಿ ಇಳಸಂಗಿಲ್ಲಪ್ಪ."

"ಮತ್ತ ಎಲ್ಲಿ?"

"ತುಂಬಿದ ಹರವಿ ಒಳಗ ಹೋಗಬೇಕು. ನಡಿ, ನಾ ಹಿಡದೀನಿ."

ಹಾಗೆ ಅಪ್ಪನ ತಲೆಯ ಮೇಲೆ, ಮಗನ ಕೈಗಳ ಮೇಲೆ ಹರವಿ ಹೊಸ್ತಿಲು ದಾಟಿತು. ಬಾಗಿಲಲ್ಲಿ ದುಂಡಪ್ಪ ಮಂಡಿ ಬಾಗಿಸಬೇಕಾಯಿತು. "ಚೌಕಟ್ಟ ಎಡಕ್ಕ ವಾಲೇತಿ, ನೋಡ್ಕೋ," ಎಂದ. "ಗೊತ್ತೈತಿ, ನೀ ಕದ್ದು ಓಣ್ಯಾಗ ಸುಳದಾಡೂವಾಗ ಹೇಳಬಾರದಿತ್ತ?" ಎಂದ ಮಗ. ಅಡುಗೆಮನೆಯ ಮೂಲೆಯಲ್ಲಿ, ಮರಳು ಹಾಸಿದ ಜಾಗದಲ್ಲಿ, ಇಬ್ಬರೂ ಸೇರಿ ಹರವಿಯನ್ನು ಇಳಿಸಿದರು. ಒಂದು ಬಿರುಕೂ ಬಿಡಲಿಲ್ಲ.

ಇಳಿಸಿದ ಮೇಲೆ ಏನು ಮಾಡಬೇಕೆಂದು ಇಬ್ಬರಿಗೂ ತಿಳಿಯಲಿಲ್ಲ. ದುಂಡಪ್ಪ ಹರವಿಯ ಕಡೆ ನೋಡುತ್ತಲೇ ಹೇಳಿದ:

"ಮುಷ್ಕರದಾಗ ನೀ ಚೀಲ ಹೊತ್ತಿದ್ದು ತಪ್ಪು."

"ಹೌದಪ್ಪ, ತಪ್ಪು."

ದುಂಡಪ್ಪ ಹರವಿಯ ಅಂಚಿನ ನೀರನ್ನು ಅಂಗೈಯಿಂದ ಒರೆಸಿದ.

"ನಿಮ್ಮವ್ವನ್ನ ನೋಡಾಕ ನಾ ಬರಲಿಲ್ಲ. ಅದು ಅದಕಿಂತ ದೊಡ್ಡ ತಪ್ಪು."

ಮಗ ತಲೆ ಬಗ್ಗಿಸಿ ಹರವಿಯ ಬಾಯಿಗೆ ಕಟ್ಟಿದ ಅರಿವೆಯ ಗಂಟು ಬಿಚ್ಚತೊಡಗಿದ, ಅದು ಬೇಗ ಬಿಚ್ಚಲಿಲ್ಲ. ಬಾಗಿಲಲ್ಲಿ ನಿಂತು ಎಲ್ಲವನ್ನೂ ಕೇಳಿಸಿಕೊಂಡಿದ್ದ ಫಕೀರವ್ವ ಮುಂದೆ ಬಂದು ತಾನೇ ಬಿಚ್ಚಿ, ಒಂದು ತಂಬಿಗೆ ನೀರು ತೆಗೆದು ಗಂಡನ ಮುಂದೆ ಹಿಡಿದಳು.

"ತೂಕ ಮಾಡೂದು ಸಾಕು. ಮೊದಲ ಮುಖ ತೊಳಕೋ. ಮೂಗಿನ ಮ್ಯಾಲ ಆ ಹನಿ ಇಟಗೊಂಡ ನನ್ನ ಮುಂದ ದೊಡ್ಡ ಮಾತಾಡಬ್ಯಾಡ." ದನಿ ಕೊನೆಗೆ ಒಡೆಯಿತು, ಅದನ್ನು ಕೆಮ್ಮಿನಲ್ಲಿ ಮುಚ್ಚಿದಳು. "ಒಂದ ವಾರದ ಹಿಂದ ಹೋಗಿ ಕೇಳಿದ್ದೆ ತಾಯಿಗೆ, ಮನೀ ಹಿರ್ಯಾ ಇಲ್ಲದ ಹೆಂಗ ಒಕ್ಕಲಾಗೂದು ಅಂತ. ಹರವಿ ನಾ ಕಳಸ್ತೀನಿ, ಅದು ಬರೂತನಕ ಯಾರೂ ಒಳಗ ಹೋಗಬ್ಯಾಡ್ರಿ ಅಂದ್ರು. ಮುಂಜಾನಿಂದ ಬಿಸಲಾಗ ನಿಂತೀವಿ. ಜಲ್ದಿ ಬರಬಾರದಿತ್ತ?"

ಅಂದು ಆ ಮನೆಯಲ್ಲಿ ಹಾಲು ಉಕ್ಕಿತು. ಹುಗ್ಗಿಯ ಊಟವಾಯಿತು. ಮೊಮ್ಮಗಳು ಅಜ್ಜನ ನೆತ್ತಿಯ ಮೇಲೆ ಗೋಣಿಯ ಗುರುತು ಮೂಡಿದ್ದನ್ನು ಬೆರಳಿನಿಂದ ತಡವಿ, "ಅಜ್ಜಾ, ನಿನ್ನ ತಲೀಗೂ ತೇಪಿ ಹಾಕ್ಯಾರೇನು?" ಎಂದು ಕೇಳಿದಳು.

ಮರುದಿನ ಬೆಳಗ್ಗೆ ದುಂಡಪ್ಪ ನೆಟ್ಟಗಿನ ದಾರಿ ಹಿಡಿದು ಜಕಾತಿ ನಾಕೆಗೆ ಬಂದ. ತಾಯಿಯವರು ಹೊಲಿಯುತ್ತಿದ್ದರು.

"ಯವ್ವಾ, ಒಂದ ಮಾತು. ಅವ ಕೈ ಹಚ್ಚದಿದ್ರ?"

"ಹರವಿ ಒಡೀತಿತ್ತು," ಎಂದರು ತಾಯಿಯವರು. "ಕುಂಬಾರ ಓಣಿ ಇಲ್ಲೇ ಐತಿ. ಇನ್ನೊಂದ ತಂದು ಇನ್ನೊಂದ ಸಲ ಏರಸ್ತಿದ್ದೆ."

ದುಂಡಪ್ಪ ನಕ್ಕುಬಿಟ್ಟ. ನಕ್ಕು, ನಾಯಿಗಳ ನಡುವೆ ಜಾಗ ಮಾಡಿಕೊಂಡು ಕುಳಿತು, ಇನ್ನೊಂದು ದಬ್ಬಣ ಎತ್ತಿಕೊಂಡ. ಆಗಲೂ ಕೈ ಮುಗಿಯಲಿಲ್ಲ. ತಾಯಿಯವರು ಅದನ್ನು ಕೇಳಲೂ ಇಲ್ಲ.

ಆ ಮಳೆಗಾಲ ಕಳೆಯುವ ಮುಂಚೆ ಸ್ವಾಗತ ಕಮಾನಿನ ಮಗ್ಗುಲಲ್ಲಿ ಹೊಸ ಹೊರೆಗಲ್ಲು ನಿಂತಿತು. ಪುರಸಭೆಯ ಅಪ್ಪಣೆ ಯಾರೂ ಕೇಳಲಿಲ್ಲ. ಹಮಾಲರೆಲ್ಲ ಕೂಡಿ ಹಾಡಹಗಲೇ ಕಲ್ಲು ನಿಲ್ಲಿಸಿದರು, ಮೇಲಿನ ಅಡ್ಡಗಲ್ಲಿನ ಎರಡು ತುದಿ ಹಿಡಿದವರು ದುಂಡಪ್ಪ ಮತ್ತು ದ್ಯಾಮಣ್ಣ. ತಡೆಯಲು ಬಂದ ಸದಸ್ಯರೊಬ್ಬರಿಗೆ ದುಂಡಪ್ಪ, "ಬರ್ರಿ ಸಾಹೇಬ್ರ, ಕೈ ಹಚ್ಚರಿ," ಎಂದ. ಅವರಿಗೆ ಬೇರೆ ಕೆಲಸ ನೆನಪಾಯಿತು. ಕಲ್ಲಿಗೆ ತಾಯಿಯವರ ಹೆಸರು ಕೆತ್ತಿಸಬೇಕೆಂದು ಎಲ್ಲರೂ ಹಟ ಹಿಡಿದಾಗ ತಾಯಿಯವರು, "ಹೆಸರು ಕೆತ್ತಿದರ ಹೊರೀ ಹಗರ ಆಗತೈತೇನು?" ಎಂದು ಕೇಳಿದರು. ಯಾರೂ ಮತ್ತೆ ಉಳಿ ಎತ್ತಲಿಲ್ಲ.

ತಾಯಿಯವರು ಲಿಂಗೈಕ್ಯರಾಗಿ ಬಹಳ ಕಾಲವಾಯಿತು. ದುಂಡಪ್ಪ ಕೊನೆಯ ದಿನಗಳಲ್ಲಿ ಹೊರೆ ಹೊರುವುದನ್ನು ಬಿಟ್ಟು ಆ ಕಲ್ಲಿನ ಬುಡದಲ್ಲಿ ಕುಳಿತಿರುತ್ತಿದ್ದ. ಮಧ್ಯಾಹ್ನ ಮೊಮ್ಮಗಳು ಬುತ್ತಿ ತಂದು ಕರೆದರೂ ಬೇಗ ಏಳುತ್ತಿರಲಿಲ್ಲ. ಏರಿಸಲು ಜೋಡಿ ಇಲ್ಲದ ಹಮಾಲ ಯಾರಾದರೂ ಬಂದು ಮಂಡಿ ಊರಿದರೆ ಥಟ್ಟನೆ ಏಳುತ್ತಿದ್ದ, ಒಂದು ಬದಿ ತಾನು ಹಿಡಿದು, ದಾರಿಯಲ್ಲಿ ಹೋಗುವ ಬಿಳಿ ಅಂಗಿಯ ಯಾರನ್ನಾದರೂ ಇನ್ನೊಂದು ಬದಿಗೆ ಕರೆಯುತ್ತಿದ್ದ. ಹೊರೆ ಏರಿದ ಮೇಲೆ ಹೊತ್ತವನ ಬೆನ್ನು ತಟ್ಟಿ, ಯಾರ ಮನೆಗೆ ಎಂದು ಕೇಳಿ, ಅವನು ತಿರುವು ದಾಟಿ ಮರೆಯಾಗುವವರೆಗೆ ನೋಡುತ್ತ ನಿಂತಿರುತ್ತಿದ್ದ.